ಅತ್ತೆಯ ಸುಣ್ಣದ ಗೆರೆ

ಸುಣ್ಣದ ಕಲ್ಲಿಗೆ ನೀರು ಹೊಯ್ದಾಗ ಬುಸುಗುಟ್ಟಿ ಏಳುವ ಹಬೆಯ ವಾಸನೆ ನಿಮಗೂ ಗೊತ್ತಿರಬಹುದು. ಡಬ್ಬಿಯ ಬಣ್ಣ ಬಂದ ಮೇಲೆ ಅದು ಮನೆಗಳಿಂದಲೇ ಹೋಗಿಬಿಟ್ಟಿದೆ. ಹೋದ ತಿಂಗಳು ಗುಬ್ಬಿಯ ನಮ್ಮ ಹಳೇ ಮನೆಯ ಹಿತ್ತಲಲ್ಲಿ ಆ ವಾಸನೆ ಮೂಗಿಗೆ ಅಡರಿದಾಗ ಗೌರತ್ತೆಯ ಎಲೆಅಡಿಕೆ ಚೀಲ ನೆನಪಾಯಿತು. ಮರುಗಳಿಗೆಗೇ ಅವಳು ಗೋಡೆಗೆ ಎಳೆದಿದ್ದ ಗೆರೆಗಳೂ ನೆನಪಾದವು. ಹಿಂದಿನ ದಿನ ಅಡುಗೆಮನೆಯ ಗೋಡೆಗಳನ್ನು ನಾನೇ ಕೈಯಾರೆ ಹೆರೆದು ಹಾಕಿದ್ದೆ.

ತುಮಕೂರಿನ ಬಟವಾಡಿಯ ಬಾಡಿಗೆ ಮನೆ ಸಾಕಾಗಿ, ಅಪ್ಪ ಹೋದ ಮೇಲೆ ಬೀಗ ಬಿದ್ದಿದ್ದ ಈ ಮನೆಯನ್ನೇ ರಿಪೇರಿ ಮಾಡಿಕೊಳ್ಳೋಣವೆಂದು ಹೊರಟವರು ನಾವು. ಮೇಸ್ತ್ರಿ, ಪೇಂಟರ್ ಅಂತ ಕರೆಸುವ ಶಕ್ತಿ ಇರಲಿಲ್ಲ. ವಾರವೆಲ್ಲ ಹಿರೇಹಳ್ಳಿಯ ಫ್ಯಾಕ್ಟರಿಯಲ್ಲಿ ದುಡಿಯುವ ನನ್ನ ಗಂಡ ಭಾನುವಾರ ಏಣಿ ಹತ್ತಿ ಹೆಂಚು ಇಳಿಸಿದರು, ಒಡೆದದ್ದನ್ನು ಬಿಟ್ಟು ಉಳಿದವನ್ನು ತೊಳೆದು ಮತ್ತೆ ಜೋಡಿಸಿದರು. ಗೋಡೆ ನನ್ನ ಪಾಲಿಗೆ ಬಂತು. ಮಸಿ ಹಿಡಿದ ಗಾರೆ ಕರಣೆಗೆ ಸಿಕ್ಕಿ ಹಕ್ಕಳೆಯೆದ್ದು ಬೀಳುವಾಗ ನನಗೋ ಎಲ್ಲಿಲ್ಲದ ಹುಮ್ಮಸ್ಸು. ಕೆಲಸದ ಅಮಲು ಕೆಟ್ಟದ್ದು, ಏನನ್ನು ಕೆಡವುತ್ತಿದ್ದೇನೆಂದು ನೋಡಲೇ ಇಲ್ಲ. ಪುಡಿಯನ್ನೆಲ್ಲ ಗುಡಿಸಿ ಹಿತ್ತಲ ಗುಂಡಿಗೆ ಸುರಿದಿದ್ದೆ.

ಗೌರತ್ತೆ ಅಪ್ಪನ ಅಕ್ಕ. ಕುಣಿಗಲ್ಲಿಗೆ ಕೊಟ್ಟಿದ್ದರು. ಗಂಡ ಸತ್ತ ಮೇಲೆ ಅವನ ಮನೆಯವರು ನಾಲ್ಕು ವರ್ಷದ ಮಗ ರುದ್ರನನ್ನು ತಮ್ಮಲ್ಲೇ ಇಟ್ಟುಕೊಂಡು ಅವಳನ್ನು ತವರಿಗೆ ಕಳಿಸಿದರು. ರಜೆಯಲ್ಲಿ ಮಗುವನ್ನು ಬಸ್ಸಿಗೆ ಹತ್ತಿಸುತ್ತೇವೆ ಎಂದಿದ್ದರಂತೆ. ಅತ್ತೆಗೆ ಗಡಿಯಾರ ನೋಡಲು ಬರುತ್ತಿರಲಿಲ್ಲ. ಅಡುಗೆಮನೆಯ ಸೂರಿನಲ್ಲಿದ್ದ ಒಂದೇ ಒಂದು ಗಾಜಿನ ಹೆಂಚಿನಿಂದ ಬೀಳುವ ಬಿಸಿಲೇ ಅವಳ ಗಡಿಯಾರ. ಎಲೆಗೆ ಸವರಿ ಬೆರಳಲ್ಲಿ ಉಳಿದ ಸುಣ್ಣವನ್ನು ಬೇರೆಯವರು ಕಂಬಕ್ಕೆ ಒರೆಸಿದರೆ, ಅವಳು ಬಿಸಿಲು ಬಂದು ನಿಂತ ಕಡೆ ಗೋಡೆಗೆ ಎಳೆಯುತ್ತಿದ್ದಳು. ಪಡುವಣ ಗೋಡೆಯಲ್ಲಿ ಒಂದು ಗೆರೆ ನನ್ನ ಸ್ಕೂಲಿಗೆ, ಇನ್ನೊಂದು ಕೊಬ್ಬರಿ ಮಂಡಿಗೆ ಹೋಗಬೇಕಾದ ಅಪ್ಪನ ಬುತ್ತಿಗೆ. ಮೂಡಲ ಗೋಡೆಯಲ್ಲಿ ಇದ್ದದ್ದು ಒಂದೇ, ಮಧ್ಯಾಹ್ನದ ಕುಣಿಗಲ್ ಬಸ್ಸಿನದು. ಸೂರ್ಯ ದಾರಿ ಬದಲಿಸಿದಂತೆ ಅದನ್ನೂ ಅಷ್ಟಿಷ್ಟು ಸರಿಸುತ್ತಿದ್ದಳು. ಬಿಸಿಲು ಅಲ್ಲಿಗೇರಿತೆಂದರೆ ಒಲೆ ಆರಿಸಿ, ಮುಖ ತೊಳೆದು, ವಿಭೂತಿ ಹಚ್ಚಿ ಜಗಲಿಗೆ ಬರುವಳು. ಬಸ್ಸು ಬರುತ್ತಿತ್ತು, ಹೋಗುತ್ತಿತ್ತು. "ನಿನ್ ಬಸ್ಸು ಇವತ್ತೂ ಪಂಚರ್ ಕಣತ್ತೆ" ಎಂದು ನಾನು ಆಡಿಕೊಳ್ಳುತ್ತಿದ್ದೆ. ಅವಳು ನಕ್ಕು, ಒಳಗೆ ಹೋಗಿ ಸೊಪ್ಪು ಬಿಡಿಸುತ್ತಾ ಕೂರುತ್ತಿದ್ದಳು. ಮಕ್ಕಳ ಬಾಯಿಗೆ ಕರುಣೆ ಇರುವುದಿಲ್ಲ. ಆ ಮಾತು ನೆನೆದರೆ ಈಗಲೂ ನನಗೆ ನಾಚಿಕೆಯಾಗುತ್ತದೆ.

ರುದ್ರಭಾವ ಬಂದದ್ದು ಅವಳ ಮಣ್ಣಿಗೆ. ನಿನ್ನವ್ವ ನಿನ್ನನ್ನು ಬಿಟ್ಟು ಹೋದಳು ಎಂದು ಹೇಳಿಯೇ ಕುಣಿಗಲ್ಲಿನವರು ಅವರನ್ನು ಸಾಕಿದ್ದರು. ಎಷ್ಟೋ ವರ್ಷದ ಮೇಲೆ ತುಮಕೂರಿನಲ್ಲಿ ಒಂದು ಮದುವೆ ಊಟದಲ್ಲಿ ಸಿಕ್ಕಾಗ ಆ ಗೆರೆಯ ವಿಷಯ ಹೇಳಿದ್ದೆ. ಅವರು ಪಾಯಸ ಬರುವ ಮೊದಲೇ ಎಲೆ ಮಡಚಿದ್ದರು. ಹೋದ ಭಾನುವಾರ, ತಲೆ ಪೂರ್ತಿ ನರೆತ ಭಾವ ಅದೇ ಮಧ್ಯಾಹ್ನದ ಬಸ್ಸಿಳಿದು ಬಾಗಿಲಿಗೆ ಬಂದರು.

"ಮನೆ ರಿಪೇರಿ ಮಾಡ್ತಾವ್ರೆ ಅಂತ ಕೇಳ್ದೆ ಕಣಮ್ಮ. ಅವ್ವನ ಗೆರೆ ಒಂದ್ಸಲ ನೋಡ್ಕಂಡು ಹೋಗಾಣ ಅಂತ ಬಂದೆ."

ನಾನೇ ಹೆರೆದುಬಿಟ್ಟೆ ಎಂದು ಹೇಳಿದೆ. ಅವರು ಬೈಯಲಿಲ್ಲ. ಎಲ್ಲಿತ್ತು, ಜಾಗವನ್ನಾದರೂ ತೋರಿಸು ಎಂದರು. ಬಿಸಿಲು ತೋರಿಸೀತೆಂದರೆ, ಜೋಡಿಸುವಾಗ ಗಾಜಿನ ಹೆಂಚೂ ಒಂದು ಸಾಲು ಆಚೆ ಹೋಗಿತ್ತು. ಎರಡನೇ ಕ್ಲಾಸಿನಲ್ಲಿದ್ದಾಗ ಆ ಗೆರೆ ನನ್ನ ಹಣೆಯ ಮಟ್ಟಕ್ಕಿತ್ತು ಎಂಬುದಷ್ಟೇ ನೆನಪು. ಆಗ ನಾನು ಎಷ್ಟೆತ್ತರ ಇದ್ದೆನೋ. ಮೂಡಲ ಗೋಡೆಯ ಮುಂದೆ ಮಂಡಿಯೂರಿ, ಹಣೆಯ ನೇರಕ್ಕೆ ಬೆರಳಿಟ್ಟು, ಇಲ್ಲಿರಬೇಕು ಭಾವ ಎಂದೆ. ಅವರೂ ಕಷ್ಟಪಟ್ಟು ಪಕ್ಕದಲ್ಲಿ ಮಂಡಿಯೂರಿ, ಹೊಸ ಸುಣ್ಣದ ಮೇಲೆ ಅಂಗೈ ಇಟ್ಟರು.

"ದಿನಾ ಬಂದ್ ಕೂರ್ತಿದ್ಲಾ ಜಗ್ಲಿಗೆ?"

"ದಿನಾ, ಭಾವ."

ಅವರು ಕೈ ತೆಗೆಯಲಿಲ್ಲ. ಬಿಸಿಲು ಆ ಕೈಗೆ ತಾಗದೆ, ಒಂದು ಮೊಳ ಆಚೆ ಬೋಳು ಗೋಡೆಯ ಮೇಲೆ, ಎಲ್ಲೂ ನಿಲ್ಲದೆ ಸೂರಿನ ಕಡೆ ಏರಿಹೋಯಿತು.