ಅಳದ ಕೂಸಿಗೆ ಮೊದಲ ಟೋಕನ್

ದೇವೀರಮ್ಮ ಅಳುವ ಮಕ್ಕಳ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಮಕ್ಕಳ ಕ್ಲಿನಿಕ್ಕಿನ ಆಯಾ ಹೀಗಿದ್ದರೆ ಹೇಗೆ ಎಂದು, ಹುಣಸೂರಿನಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ನನಗೆ ಬೇಸರವಾಗಿತ್ತು. ನನ್ನದು ಬಾಗಿಲ ಬಳಿಯ ಮೇಜಿನಲ್ಲಿ ಟೋಕನ್ ಕೊಡುವ ಕೆಲಸ. ಅವರು ನೆಲ ಒರೆಸಿ ಮುಗಿಸಿ, ಸೆರಗಿಗೆ ಕೈ ಉಜ್ಜಿ ಬಿಸಿ ಮಾಡಿಕೊಂಡು, ಬೆಂಚುಗಳ ನಡುವೆ ಒಂದು ಸುತ್ತು ಬರುವರು. ಕಿರುಚುವವರನ್ನೆಲ್ಲ ದಾಟಿ, ಯಾರದೋ ಹೆಗಲ ಮೇಲೆ ತೆಪ್ಪಗೆ ಒರಗಿದ ಮಗುವಿನ ಹತ್ತಿರ ನಿಲ್ಲುವರು. ಜ್ವರದ ಮಗುವಿಗೆ ಉಣ್ಣೆ ಟೋಪಿ, ಸ್ವೆಟರು, ಮೇಲೊಂದು ಟವೆಲ್ಲು ಸುತ್ತಿ ತರುವುದು ನಮ್ಮ ಕಡೆಯ ರೂಢಿ. ಅವರು ಒಂದೊಂದೇ ಬಿಚ್ಚಿ, ಅಂಗಿ ಎತ್ತಿ, ಎದೆಗೂಡನ್ನೇ ನೋಡುವರು.

"ಅಳೋಕೂ ಉಸ್ರು ಬೇಕು ಕಣವ್ವ. ಅಳೋ ಕೂಸು ಕಾಯ್ತದೆ ಬುಡು," ಎನ್ನುತ್ತಿದ್ದರು.

ಒಮ್ಮೆ ಹಾರನಹಳ್ಳಿಯ ಮಗುವೊಂದನ್ನು ಹೀಗೇ ಸರದಿ ಬಿಟ್ಟು ಒಳಗೆ ಕಳಿಸಿದಾಗ, ಮುಂದೆ ಕೂತಿದ್ದವರೊಬ್ಬರು ನಿನ್ನ ನೆಂಟರೇನಮ್ಮ ಎಂದು ಚುಚ್ಚಿದರು.

"ಊ ಕಣಣ್ಣ, ಈಗ್ಲಿಂದ ನೆಂಟ್ರು. ನಿನ್ ಮಗ ಬಿಸ್ಕತ್ತು ತಿಂತಾವ್ನೆ, ಖುಷಿ ಪಡು."

ಒಳಗೆ ಹೋದ ಮಗುವಿಗೆ ಡಾಕ್ಟರು ಆಕ್ಸಿಜನ್ ಹಾಕಿ ಮೈಸೂರಿಗೆ ಕಳಿಸಿದರು. ಮಗು ಉಳಿಯಿತು. ಅದರ ತಾಯಿ ಆಮೇಲೆ ಬಂದಾಗಲೆಲ್ಲ ದೇವೀರಮ್ಮನಿಗೆ ಅವರೆಕಾಯಿ ತರುತ್ತಿದ್ದಳು.

ಮಗಳ ಬಾಣಂತನಕ್ಕೆ ಅವರು ಹೆಗ್ಗಡದೇವನಕೋಟೆಗೆ ಹೋಗಿದ್ದ ವಾರ, ಅಜ್ಜಿಯೊಬ್ಬರು ಎಂಟು ತಿಂಗಳ ಕೂಸನ್ನು ತಂದರು. ಅತ್ತೂ ಅತ್ತೂ ಈಗ ಮಲಗಿದೆ ಎಂದರು. ಎಬ್ಬಿಸಬೇಡಿ ಎಂದು ನಾನೇ ಹೇಳಿ, ಫ್ಯಾನಿನ ಗಾಳಿ ಬಡಿಯದ ಮೂಲೆಯಲ್ಲಿ ಕೂರಿಸಿದೆ. ಇಪ್ಪತ್ತೆರಡನೆಯ ಟೋಕನ್. ಸರದಿ ಬಂದಾಗ ಒಳಗಿಂದ ಡಾಕ್ಟರು ಕೂಗಿದ ದನಿ ಈಗಲೂ ಕೇಳಿಸುತ್ತದೆ. ಆಂಬುಲೆನ್ಸು ಮೈಸೂರಿನ ದಾರಿಯಲ್ಲಿ ಬಿಳಿಕೆರೆ ದಾಟುವ ಮೊದಲೇ ಕೂಸು ಹೋಗಿತ್ತು.

ದೇವೀರಮ್ಮ ಮರಳಿದ ದಿನ ಎಲ್ಲ ಹೇಳಿದೆ. ಬಯ್ಯಲಿ ಎಂದೇ ಹೇಳಿದೆ. ಅವರು ಕೇಳಿದ್ದು ಒಂದೇ: "ಬಟ್ಟೆ ಬಿಚ್ಚಿದ್ಯಾ?"

ಇಲ್ಲ ಎಂದೆ. ನೆಲ ಒರೆಸುವ ಬಟ್ಟೆಯನ್ನು ಹಿಂಡಿ, ಉಳಿದ ನೆಲ ಒರೆಸಿದರು. ಮರುದಿನ ನನ್ನನ್ನು ಮೇಜಿನಿಂದ ಎಬ್ಬಿಸಿ ಕರೆದೊಯ್ದು, ಒಂದು ಮಗುವಿನ ಅಂಗಿ ಎತ್ತಿದರು. "ಪಕ್ಕೆ ಒಳೀಕ್ ಎಳ್ಕತಾ ಐತಾ, ನೋಡು. ಕೈಗೆ ಏನಾರ ಕೊಟ್ರೆ ಇಡ್ಕತದಾ, ನೋಡು. ಆಮೇಲೆ ಟೋಕನ್ ಬರಿ." ಅಂದಿನಿಂದ ಸುತ್ತು ಬರುವವರು ಇಬ್ಬರಾದೆವು.

ಹೋದ ವರ್ಷ ಹೃದಯದ ತೊಂದರೆಯಾಗಿ ಅವರು ಮಗಳ ಮನೆ ಸೇರಿದರು. ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಆಸ್ಪತ್ರೆಯವರು ಹೇಳಿದ್ದರಂತೆ. ಒಂದು ಭಾನುವಾರ ಹೋದೆ. ಕತ್ತಿನವರೆಗೆ ಕಂಬಳಿ ಹೊದ್ದು ಸದ್ದಿಲ್ಲದೆ ಮಲಗಿದ್ದರು. ಈಗ ತಾನೇ ನಿದ್ದೆ ಹತ್ತಿದೆ ಎಂದಳು ಮಗಳು. ನಾನು ಸೆರಗಿಗೆ ಕೈ ಉಜ್ಜಿಕೊಂಡು ಕಂಬಳಿ ಸರಿಸಿದೆ. ಕೊರಳ ಕೆಳಗಿನ ಗುಳಿ ಪ್ರತಿ ಉಸಿರಿಗೂ ಒಳಕ್ಕೆ ಹೋಗುತ್ತಿತ್ತು. ಅವರು ಕಣ್ಣು ತೆರೆದು ನನ್ನ ಕೈ ನೋಡಿದರು.

"ನಾನು ಕಾಯ್ತೀನಿ ಬುಡವ್ವ. ನಾಳೆ ಸೋಮ್ವಾರ, ಮಕ್ಳು ಜಾಸ್ತಿ. ನೀನು ಓಗು."

ಬುಧವಾರ ಬೆಳಿಗ್ಗೆ ಮೇಜಿನ ಮೇಲೆ ಫೋನು ಬಡಿದುಕೊಳ್ಳುತ್ತಿದ್ದಾಗ ನಾನು ಬೆಂಚಿನ ಮುಂದೆ ಕೂತು ಒಂದು ಕೂಸಿನ ಸ್ವೆಟರಿನ ಗುಂಡಿ ಬಿಚ್ಚುತ್ತಿದ್ದೆ. ದೇವೀರಮ್ಮನ ಮಗಳ ಫೋನೆಂದು ಗೊತ್ತಿತ್ತು. ಕೊನೆಯ ಗುಂಡಿಯವರೆಗೂ ಬಿಚ್ಚಿ, ಎದೆ ನೋಡಿ, ಆಮೇಲೆ ಎದ್ದೆ.