ಕಿವಿಯ ಬಳಿ ನಿಂತ ಕೈ

ಮಧ್ಯಾಹ್ನ ರೊಟ್ಟಿ ಬಡಿದು ಮುಗಿದ ಮೇಲೆ, ನಮ್ಮ ಶಹಾಪುರದ ಅಡುಗೆಮನೆಯಲ್ಲಿ ಫೋನನ್ನು ಜೋಳದ ಹಿಟ್ಟಿನ ಡಬ್ಬಿಗೆ ಒರಗಿಸಿ, ಸುರಪುರದಲ್ಲಿರುವ ತಂಗಿ ನೀಲಮ್ಮನ ಜೊತೆ ವಿಡಿಯೊ ಕಾಲಿನಲ್ಲಿ ಮಾತಿಗೆ ನಿಲ್ಲುವುದು ನನ್ನ ದಿನದ ಸುಖ. ಮಾತೆಂದರೆ ಕೈಗಳ ಮಾತು. ನೀಲಮ್ಮನಿಗೆ ಹುಟ್ಟಿನಿಂದ ಕಿವಿ ಕೇಳಿಸದು, ಟೇಲರ್ ಕೆಲಸ ಮಾಡುವ ಅವಳ ಗಂಡನಿಗೂ ಅಷ್ಟೆ. ಅಕ್ಷರ ಅವಳಿಗೆ ಹತ್ತಲಿಲ್ಲ. ಬಾಲ್ಯದಲ್ಲಿ ಅಂಗಳದಲ್ಲಿ ಕೂತು ನಾವಿಬ್ಬರೇ ಕಟ್ಟಿಕೊಂಡ ಸನ್ನೆಗಳೇ ನಮ್ಮ ಭಾಷೆ. ಮೂಗುತಿಯ ಜಾಗ ಮುಟ್ಟಿದರೆ ಅವ್ವ, ಬೆರಳು ಅಲೆಯಾಡಿದರೆ ಕೃಷ್ಣೆ.

ಅವತ್ತು ಅವಳು ಗಾಬರಿಯ ಕಣ್ಣುಗಳಲ್ಲಿ ಕಾಣಿಸಿಕೊಂಡಳು. ತೊಡೆಯ ಮೇಲಿದ್ದ ಐದು ತಿಂಗಳ ಮಗಳನ್ನು ತೋರಿಸಿ, ಕೈಯನ್ನು ಕಿವಿಯ ಬಳಿ ತಂದಳು. ಅಷ್ಟಕ್ಕೆ ಚಿತ್ರ ನಿಂತಿತು. ಕೈ ಅಲ್ಲೇ, ಗಾಳಿಯಲ್ಲಿ ಮರೆತುಹೋದ ಎಲೆಯಂತೆ ಉಳಿಯಿತು. ಮಗುವಿಗೂ ಕೇಳುವುದಿಲ್ಲವೆಂದಳೇ?

ಓಣಿಯ ರೀಚಾರ್ಜ್ ಅಂಗಡಿಗೆ ಓಡಿ, ನನ್ನದು ಮಿತಿಯಿಲ್ಲದ ಪ್ಲ್ಯಾನ್ ಅಲ್ಲವೇ ಎಂದು ಕೇಳಿದೆ. ಅಂಗಡಿಯವರು ಸಮಾಧಾನದಿಂದಲೇ ಹೇಳಿದರು: "ಅನ್‌ಲಿಮಿಟೆಡ್ಡೇ ಐತ್ರಿ ಅಕ್ಕಾರ. ದಿನದ ಡಾಟಾ ಮುಗದ ಮ್ಯಾಲ ಸ್ಪೀಡ್ ಇಳಸ್ತಾರ, ಬಂದ್ ಮಾಡಂಗಿಲ್ಲ."

ಮುಂಜಾನೆಯಿಂದ ಫೋನಿನಲ್ಲಿ ಧಾರಾವಾಹಿ ಹಚ್ಚಿಟ್ಟು ಆ ಡಾಟಾ ಮುಗಿಸಿದವಳು ನಾನೇ. ಹೆಚ್ಚಿನ ಪ್ಯಾಕ್ ಹಾಕಿಸಿ ಮತ್ತೆ ಮತ್ತೆ ಕರೆದೆ. ಎಲ್ಲೋ ಬೋರಲಾಗಿ ಬಿದ್ದಿರಬೇಕಾದ ಅವಳ ಫೋನು ಎಷ್ಟು ರಿಂಗಾದರೇನು, ಆ ಮನೆಯಲ್ಲಿ ಕೇಳುವವರಾರು? ಸುರಪುರದ ಬಸ್ ಹತ್ತಿದೆ.

ಕಿಟಕಿಯಾಚೆ ಬಂಡೆಗುಡ್ಡಗಳು, ಅರಳಿದ ಹತ್ತಿ, ಕಾಲುವೆಯ ನೀರು, ಎಲ್ಲವೂ ನಿದ್ದೆಯಲ್ಲಿ ನಡೆಯುವಂತೆ ಹಿಂದಕ್ಕೆ ಸರಿಯುತ್ತಿದ್ದವು. ನೀವೇ ಯೋಚಿಸಿ, ಡಾಟಾದ ವೇಗ ಇಳಿದರೆ ನಿಮಗೊಂದು ಹಾಡು ತಡವಾಗಿ ಬರಬಹುದು, ಬಾಯಿಮಾತಂತೂ ಹೇಗೋ ದಾಟಿಬಿಡುತ್ತದೆ. ನೀಲಮ್ಮನ ಮಾತು ಮಾತ್ರ ಅರ್ಧಕ್ಕೇ ಕಲ್ಲಾಗುತ್ತದೆ. ಈ ನಿಯಮ ಬರೆದವರಲ್ಲಿ ಕೆಡುಕಿರಲಾರದು. ಮಾತು ಬಾಯಿಂದಷ್ಟೇ ಹುಟ್ಟುತ್ತದೆಂದು ಅವರು ನಂಬಿರಬೇಕು.

ನೀಲಮ್ಮ ಹೊಸ್ತಿಲಲ್ಲೇ ಇದ್ದಳು. ಅರ್ಧಕ್ಕೆ ನಿಂತಿದ್ದ ಮಾತನ್ನು ಅವಳ ಕೈಗಳು ಮುಗಿಸಿದವು: ಮಗುವಿಗೆ ಕೇಳುತ್ತದೋ ಇಲ್ಲವೋ, ಬಂದು ನೋಡು. ಬೆಳಗಿನಿಂದ ಅದರ ಬೆನ್ನಹಿಂದೆ ತಾಟು ಬಡಿದಿದ್ದಳಂತೆ. ಒಮ್ಮೆ ತಿರುಗಿತು, ಒಮ್ಮೆ ಇಲ್ಲ. ನೆರೆಯವರನ್ನು ಕೇಳಲು ಧೈರ್ಯವಾಗಿರಲಿಲ್ಲ. ಆ ಉತ್ತರ ಅಕ್ಕನಿಂದಲೇ ಬರಬೇಕಿತ್ತು.

ನಾನು ಮಗುವಿನ ಹಿಂದೆ, ನೆರಳೂ ಬೀಳದಷ್ಟು ದೂರ ನಿಂತೆ.

"ಏ ಬಂಗಾರಿ, ಇತ್ಲಾಗ ನೋಡವ್ವ."

ಮಗು ತಿರುಗಿತು. ಬಾಗಿಲ ಮರೆಗೆ ಹೋಗಿ ಕರೆದೆ, ಅತ್ತಲೂ ತಿರುಗಿತು. ಮೂರನೆಯ ಸಲ ನನ್ನ ದನಿಗೆ ಕಿಲಕಿಲನೆ ನಕ್ಕಿತು. ನೀಲಮ್ಮ ಮೊದಲು ಅತ್ತಳು, ಆಮೇಲೆ ಅವಳೂ ನಕ್ಕಳು. ತುಸು ಹೊತ್ತು ಮಗುವಿನ ಬಾಯನ್ನೇ ನೋಡುತ್ತಿದ್ದು, ಅದರ ನಗು ಕೇಳಲು ಹೇಗಿದೆಯೆಂದು ನನ್ನನ್ನು ಕೇಳಿದಳು.

ಅದಕ್ಕೆ ನಮ್ಮ ಅಂಗಳದ ಭಾಷೆಯಲ್ಲಿ ಸನ್ನೆ ಇರಲಿಲ್ಲ. ಹುಡುಕಿ ಸೋತು, ಮಗುವನ್ನು ತೋರಿಸಿ, ಅವಳನ್ನು ತೋರಿಸಿ, ಎರಡು ತೋರುಬೆರಳುಗಳನ್ನು ಜೋಡಿಸಿದೆ: ನಿನ್ನ ನಗುವಿನ ಹಾಗೆಯೇ.

ಅವಳು ಬೆರಗಾಗಿ ನನ್ನನ್ನು ನೋಡಿದಳು. ತನ್ನ ನಗುವಿಗೂ ಒಂದು ದನಿಯಿದೆಯೆಂದು ಅಲ್ಲಿಯವರೆಗೆ ಅವಳಿಗೆ ಯಾರೂ ಹೇಳಿರಲಿಲ್ಲ.