ಚೆಂಡುಹೂವಿನ ಹೊಲದಲ್ಲಿ ಒಂದು ಕಬ್ಬಿಣದ ತಗಡು

ಮೈಸೂರಿನಿಂದ ಚಾಮರಾಜನಗರಕ್ಕೆ ಹೋಗುವ ಬೆಳಗಿನ ರೈಲಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಅಷ್ಟಕ್ಕೇ ನಮ್ಮ ಯಜಮಾನರು ಅರ್ಧ ಕೆಲಸ ಮುಗಿದವರಂತೆ ಕಾಲು ಚಾಚಿ ಕೂತರು. ನಾವು ಹೊರಟಿದ್ದು ಮೆಟಲ್ ಡಿಟೆಕ್ಟರ್ ತರಲು. ಈ ವಯಸ್ಸಿನಲ್ಲಿ ಗಂಡ ಹೆಂಡತಿ ತೀರ್ಥಯಾತ್ರೆಗೆ ಹೋಗುತ್ತಾರೆ, ಇಂಥ ಕೆಲಸಕ್ಕಲ್ಲ. ಆದರೆ ಹಿಂದಿನ ದಿನ ನನ್ನ ತಂಗಿ ರತ್ನ ಫೋನಿನಲ್ಲಿ ಅತ್ತಿದ್ದಳು. ಅವಳು ಸುಲಭಕ್ಕೆ ಅಳುವವಳಲ್ಲ.

ರತ್ನ ಗುಂಡ್ಲುಪೇಟೆ ಪಕ್ಕದ ಹಳ್ಳಿಯಲ್ಲಿ ಚೆಂಡುಹೂ ಬೆಳೆಯುತ್ತಾಳೆ. ಎರಡು ವರ್ಷದ ಹಿಂದೆ ಪಕ್ಕದ ಹೊಲವನ್ನೂ ಕೊಂಡು, ಜೆಸಿಬಿ ಬಿಟ್ಟು ಸಮ ಮಾಡಿಸಿದ್ದಳು. ಈ ಸಲ ಮೊದಲ ಕೊಯ್ಲು ಮುಗಿದ ಮೇಲೆ ಆ ಹೊಲ ಮಾರಿದ ಮುದುಕ ಒಂದು ಮದುವೆ ಊಟದಲ್ಲಿ ಸಿಕ್ಕಿದನಂತೆ. "ಅಲ್ಲೊಂದು ನೀರ್ ಬರ್ದಿರೊ ಬೋರಿತ್ತಲ್ಲ ಕಣಮ್ಮಿ, ತಗಡು ಮುಚ್ಚಿ ಮಣ್ಣಾಕಿದ್ದೊ" ಎಂದು ಪಾಯಸ ಹೀರುತ್ತಾ ಹೇಳಿದನಂತೆ. ಹೊಲಕ್ಕೆ ಕರೆತಂದು ನಿಲ್ಲಿಸಿದರೆ ಅವನಿಗೆ ದಿಕ್ಕೇ ತಿಳಿಯಲಿಲ್ಲ. ಬೋರು ಕೊರೆಸುವಾಗ ಪೂಜೆ ಮಾಡಿದ ಗಂಗಮ್ಮನ ಕಲ್ಲುಗಳ ಹತ್ತಿರ ಎಂದಷ್ಟೇ ಹೇಳಿದ. ಆ ಮೂರು ಕಲ್ಲು ಬದುವಿನ ಮೇಲೆ ಇದ್ದವು. ಸುತ್ತ ಅಗೆದರೂ ಏನೂ ಸಿಗಲಿಲ್ಲ.

ಹೂ ಕೊಯ್ಯುವ ಹೆಂಗಸರು ಮಕ್ಕಳನ್ನೂ ಕರೆತರುತ್ತಾರೆ. ತುಕ್ಕು ಹಿಡಿದ ತಗಡು ಯಾವ ಮಗುವಿನ ಕಾಲಡಿ ಕುಸಿಯುತ್ತದೋ ಯಾರಿಗೆ ಗೊತ್ತು? "ಅದು ಸಿಕ್ಕಗಂಟ ಒಂದ್ ಹೂವೂ ಕೊಯ್ಸಲ್ಲ ಕಣಕ್ಕ" ಎಂದಿದ್ದಳು ರತ್ನ. ಹೂ ಗಿಡದಲ್ಲೇ ಬಾಡುತ್ತಿತ್ತು.

ಚಾಮರಾಜನಗರದಲ್ಲಿ ಇಡ್ಲಿ ತಿಂದು, ಪಂಪ್‌ಸೆಟ್ಟು ಮಾರುವ ಒಂದು ಅಂಗಡಿಗೆ ಹೋದೆವು. ಇಂಥ ಮೆಷಿನ್ನನ್ನೂ ಅಲ್ಲಿ ಬಾಡಿಗೆಗೆ ಕೊಡುತ್ತಾರೆಂದು ಯಜಮಾನರು ಪತ್ತೆ ಮಾಡಿದ್ದರು. ನಮ್ಮ ಕೋರಿಕೆ ಕೇಳಿದ್ದೇ ತಡ, ಅಂಗಡಿಯವ ಅರ್ಧ ಬಾಗಿಲು ಮುಚ್ಚಿ ದನಿ ತಗ್ಗಿಸಿದ.

"ಯಾವ ಕಡೆ ಸಾರ್ ನಿಧಿ?"

"ನಿಧಿಯಲ್ಲಪ್ಪ, ಕಬ್ಬಿಣದ ತಗಡು" ಎಂದೆ.

"ಕಬ್ಣಕ್ಕೆ ಯಾರಮ್ಮ ಮಿಷಿನ್ ತಕ್ಕಂಡೋದಾರು?" ಎಂದು ಅವನು ಬಾಗಿಲನ್ನು ಪೂರ್ತಿ ತೆರೆದ. ಮುಖದಲ್ಲಿ ನಿರಾಸೆ ಎದ್ದು ಕಾಣುತ್ತಿತ್ತು.

ಇದ್ದದ್ದು ಎರಡು ಮೆಷಿನ್. ಒಂದಕ್ಕೆ ಪುಟ್ಟ ಪರದೆ. ಕಬ್ಬಿಣವನ್ನು ಬಿಟ್ಟು ಚಿನ್ನ, ತಾಮ್ರಕ್ಕೆ ಮಾತ್ರ ಕೂಗುವುದೇ ಅದರ ಹೆಚ್ಚುಗಾರಿಕೆ. ಬೇಕಾದರೆ ಕಬ್ಬಿಣಕ್ಕೂ ಕೂಗಿಸಬಹುದಂತೆ. ಇನ್ನೊಂದು ಊಟದ ತಟ್ಟೆಯಷ್ಟು ದೊಡ್ಡ ಚಕ್ರದ, ಭಾರವಾದ, ಒಂದು ತಿರುಪಿನ ಸಾದಾ ಮೆಷಿನ್. ಯಜಮಾನರ ಕಣ್ಣು ಪರದೆಯ ಮೇಲೇ ಇತ್ತು. ಅವರು ಹಿಂದಿನ ರಾತ್ರಿಯೆಲ್ಲ ಮೊಬೈಲಿನಲ್ಲಿ ವಿಡಿಯೊ ನೋಡಿ ಪಂಡಿತರಾಗಿದ್ದರು. ನಾನು ಅಂಗಡಿಯ ಹಿತ್ತಲಿನಲ್ಲೇ ಪರೀಕ್ಷೆ ಮಾಡೋಣ ಎಂದೆ. ಅಲ್ಲಿ ಕರಿಕಲ್ಲಿನ ಚಪ್ಪಡಿಗಳು ಬಿದ್ದಿದ್ದವು. ಕಬ್ಬಿಣಕ್ಕೂ ಕೂಗಲು ಹೊಂದಿಸಿದ ಪರದೆಯ ಮೆಷಿನ್ ಕಲ್ಲು ಕಂಡೊಡನೆ ಕಿರುಚತೊಡಗಿ ನಿಲ್ಲಲೇ ಇಲ್ಲ. ನಮ್ಮ ಸೀಮೆಯ ಕರಿಕಲ್ಲಿನಲ್ಲಿ, ಕೆಂಪು ಮಣ್ಣಿನಲ್ಲಿ ಕಬ್ಬಿಣದ ಅಂಶ ಇರುತ್ತದೆ, ಅದಕ್ಕೇ ಹೀಗೆ ಎಂದ ಅಂಗಡಿಯವ. ಸಾದಾ ಮೆಷಿನ್ನಿನ ಚಕ್ರವನ್ನು ನೆಲಕ್ಕೆ ಇಳಿಸಿ ಎತ್ತುತ್ತಾ, ತಿರುಪು ತಿರುಗಿಸಿ, ಅದನ್ನು ಸುಮ್ಮನಾಗಿಸಿದ. "ಮಣ್ಣು ಬದ್ಲಾದಾಗೆಲ್ಲ ಹಿಂಗ್ ಮಾಡ್ಬೇಕು ಕಣಮ್ಮ, ಇಲ್ದಿದ್ರೆ ಮಣ್ಣೇ ಕೂಗ್ತದೆ." ರತ್ನನ ಹೊಲದಲ್ಲಿ ಮೇಲುಗಡೆ ಕೆಂಪು ಮಣ್ಣು, ಇಳಿಜಾರಿನಲ್ಲಿ ಕಪ್ಪು ಎರೆಮಣ್ಣು, ನಡುವೆ ಬಂಡೆ. ಸಾದಾ ಮೆಷಿನ್ನೇ ಸಾಕು ಎಂದೆ. ಯಜಮಾನರು ಸಿಟ್ಟಿನಿಂದ ಬಸ್‌ಸ್ಟ್ಯಾಂಡ್‌ವರೆಗೂ ನನಗಿಂತ ಹತ್ತು ಹೆಜ್ಜೆ ಮುಂದೆಯೇ ನಡೆದರು.

ಗುಂಡ್ಲುಪೇಟೆ ಬಸ್ಸಿನಲ್ಲಿ ನನ್ನದು ಉಚಿತ ಟಿಕೆಟ್ಟು, ಅವರದು ದುಡ್ಡಿನ ಟಿಕೆಟ್ಟು. ಅದೂ ಅವರ ಸಿಟ್ಟಿಗೆ ಸೇರಿಕೊಂಡಿತು. ಗೋಣಿಚೀಲ ಸುತ್ತಿದ ಮೆಷಿನ್ನಿನ ಚಕ್ರ ಹೊರಗೆ ಕಾಣುತ್ತಿತ್ತು. ತೆರಕಣಾಂಬಿಯಲ್ಲಿ ಹತ್ತಿದ ಒಬ್ಬ ಅಜ್ಜಿ ಅದನ್ನೇ ದಿಟ್ಟಿಸಿ, ತಮ್ಮೂರ ಹಾಳು ಮಂಟಪದ ಕೆಳಗೆ ಚಿನ್ನ ತುಂಬಿದ ಕೊಪ್ಪರಿಗೆ ಇದೆಯೆಂದೂ, ಹಾವು ಕಾಯುತ್ತದೆಯೆಂದೂ ನನ್ನ ಕಿವಿಯಲ್ಲಿ ಹೇಳಿದಳು. ಅರ್ಧ ಪಾಲು ಕೇಳಿದಳು. ಆಷಾಢದ ಗಾಳಿ ಕಿಟಕಿಯಿಂದ ನುಗ್ಗುತ್ತಿತ್ತು. ನನಗೆ ನಗು ತಡೆಯಲಾಗಲಿಲ್ಲ, ಕೊನೆಗೆ ಯಜಮಾನರೂ ನಕ್ಕರು.

ರಾತ್ರಿ ರತ್ನನ ಮನೆಯಲ್ಲಿ ಮುದ್ದೆ, ಉಪ್ಸಾರು. ಮರುದಿನ ಬೆಳಿಗ್ಗೆಯೇ ಹೊಲಕ್ಕಿಳಿದೆವು. ಗಂಗಮ್ಮನ ಕಲ್ಲುಗಳ ಸುತ್ತ ಕೆಂಪು ಮಣ್ಣಿಗೆ ಮೆಷಿನ್ ಹೊಂದಿಸಿ ಮಧ್ಯಾಹ್ನದವರೆಗೆ ಹುಡುಕಿದೆವು. ಸಿಕ್ಕಿದ್ದು ಒಂದು ಮುರುಕು ಕುಡುಗೋಲು, ಟ್ರ್ಯಾಕ್ಟರಿನ ಪಿನ್ನು, ಒಂದಷ್ಟು ತಂತಿ. ರಸ್ತೆಯಲ್ಲಿ ಕಾರು ನಿಲ್ಲಿಸಿದ ಕೇರಳದವರು ಹೂವಿನ ಜೊತೆಗೆ ಯಜಮಾನರ ಫೋಟೊವನ್ನೂ ತೆಗೆದುಕೊಂಡು ಹೋದರು. ಕೆಲಸ ಶುರುವಾಗುತ್ತದೋ ಎಂದು ಕೇಳಲು ಬಂದಿದ್ದ ಮಾದೇವಿ ಎಂಬ ಕೊಯ್ಲಿನ ಹುಡುಗಿ, ಕಂಕುಳಲ್ಲಿ ತನ್ನ ಕೂಸು ಇಟ್ಟುಕೊಂಡು ಬದುವಿನ ಮೇಲೆ ಕೂತಿದ್ದಳು.

ನಾನು ದಣಿದು ಕಲ್ಲುಗಳ ಪಕ್ಕ ಕೂತೆ. ಸುತ್ತೆಲ್ಲ ಹುಡುಕಿಯಾಗಿತ್ತು, ಕಲ್ಲನ್ನೇ ಹೊರಳಿಸಿ ಅಡಿಯಲ್ಲಿ ನೋಡೋಣ ಎಂದೆ. ರತ್ನ ಮೊದಲು ಒಪ್ಪಲಿಲ್ಲ. ಆಮೇಲೆ ಕೈಕಾಲು ತೊಳೆದು, ಗಂಧದಕಡ್ಡಿ ಹಚ್ಚಿ, "ತಪ್ಪಾಯ್ತು ಕಣವ್ವ" ಎಂದು ತಾನೇ ಒಂದು ಕಲ್ಲನ್ನು ಹೊರಳಿಸಿದಳು. ಬದುವೆಲ್ಲ ಕೆಂಪು ಮಣ್ಣು. ಹೊರಳಿದ ಕಲ್ಲಿನ ತಳದ ಕುಳಿಗಳಲ್ಲಿ ಗಟ್ಟಿಯಾಗಿ ಕಚ್ಚಿಕೊಂಡಿದ್ದದ್ದು ಮಾತ್ರ ಕಪ್ಪು ಎರೆ.

ಆಗ ಅರ್ಥವಾಯಿತು. ಜೆಸಿಬಿಯವನು ದೇವರ ಕಲ್ಲನ್ನು ದೂಡಲು ಹೆದರಿ, ಕೆಳಗಿನ ಹೊಲದಿಂದ ಭಕ್ತಿಯಿಂದ ಎತ್ತಿ ತಂದು ಬದುವಿನ ಮೇಲೆ ಇಟ್ಟಿದ್ದ. ನಾವು ಅಷ್ಟೇ ಭಕ್ತಿಯಿಂದ ಅಲ್ಲೇ ಅಗೆಯುತ್ತಿದ್ದೆವು.

ಕೆಳಗಿನ ಎರೆ ಹೊಲಕ್ಕೆ ಹೋಗಿ ಯಜಮಾನರು ಮತ್ತೆ ತಿರುಪು ತಿರುಗಿಸಿದರು. ಅಷ್ಟು ಹೊತ್ತಿಗೆ ಅವರ ಕೈ ಪಳಗಿತ್ತು. ಸಾಲು ಸಾಲಾಗಿ ಹೂವಿನ ನಡುವೆ ನಡೆದೆವು, ಒಂದು ಸದ್ದೂ ಇಲ್ಲ. ಉಳಿದದ್ದು ಜೆಸಿಬಿಯವನು ಬಿಟ್ಟಿದ್ದ ಒಂದೇ ಒಂದು ಹೊಂಗೆಮರದ ನೆರಳು. ಗಿಡ ನೆಡದ ಆ ಜಾಗದಲ್ಲಿ ಮೆಷಿನ್ ಕೂಗಿತು. ಚಕ್ರವನ್ನು ಎತ್ತ ಸರಿಸಿದರೂ ಕೂಗಿತು. ಗುದ್ದಲಿಗೆ ಒಂದು ಗೇಣಿನ ಆಳದಲ್ಲಿ ತಗಡು ತಗುಲಿತು. ಒಂದು ಮೂಲೆ ತಿಂದುಹೋಗಿ, ಬೆರಳಿನಿಂದ ಒತ್ತಿದರೆ ಪುಡಿಯಾಗುತ್ತಿತ್ತು. ಅದನ್ನು ಸರಿಸಿ ರತ್ನ ಒಂದು ಕಲ್ಲು ಹಾಕಿದಳು. ತಳ ಮುಟ್ಟಿದ ಸದ್ದಿಗೆ ಕಾದೆವು. ಬರಲಿಲ್ಲ.

ನಮ್ಮ ಹಿಂದೆಯೇ ಬಂದಿದ್ದ ಮಾದೇವಿ ತಲೆಯೆತ್ತಿ ಮೇಲಿನ ಕೊಂಬೆ ನೋಡಿದಳು. ಕೂಸನ್ನು ಎದೆಗೆ ಒತ್ತಿಕೊಂಡು ಕುಕ್ಕರುಗಾಲಿನಲ್ಲಿ ಕೂತುಬಿಟ್ಟಳು.

"ಹೋದ್ ಕೊಯ್ಲಲ್ಲಿ ಈ ಕೊಂಬೆಗೇ ಕಣಕ್ಕ ಜೋಲಿ ಕಟ್ಟಿದ್ದು. ಇಳ್ಸುದ್ರೆ ಇಲ್ಲೇ ಅಂಬೆಗಾಲಿಕ್ತಿತ್ತು."

ರತ್ನ ಅವಳ ಪಕ್ಕ ಕೂತು ಬೆನ್ನು ಸವರಿದಳು. ಸ್ವಲ್ಪ ಹೊತ್ತಿಗೆ ಇಬ್ಬರೂ ಅಳುತ್ತಿದ್ದರು, ನಾನೂ ಅತ್ತೆ. ಯಜಮಾನರು ಮೆಷಿನ್ನಿನ ಮಣ್ಣು ಒರೆಸುತ್ತಾ ಆ ಕಡೆ ತಿರುಗಿ ನಿಂತರು.

ಸಂಜೆಗೆ ಟ್ರ್ಯಾಕ್ಟರಿನಲ್ಲಿ ಜಲ್ಲಿ, ಮಣ್ಣು ತರಿಸಿ ಬೋರು ತುಂಬಿಸಿದೆವು. ತೂತು ಒಂದು ಗೇಣಿಗಿಂತ ಕಡಿಮೆ ಅಗಲ, ನುಂಗಿದ್ದು ಹೆಚ್ಚುಕಡಿಮೆ ಒಂದು ಟ್ರೈಲರ್. ಮೇಲೆ ಕಾಂಕ್ರೀಟ್ ಹಾಕಿಸಿ ರತ್ನ ರಾತ್ರಿಯೇ ಕೊಯ್ಲಿನವರಿಗೆಲ್ಲ ಹೇಳಿಕಳುಹಿಸಿದಳು.

ಮೂರನೆಯ ದಿನ ಬೆಳಿಗ್ಗೆ ಮೆಷಿನ್ ವಾಪಸು ಕೊಡಲು ಬಸ್ಸು ಹತ್ತಿದೆವು. ಹೊಲದ ಪಕ್ಕ ಬಸ್ಸು ಹಾದಾಗ ಬಗ್ಗಿ ನೋಡಿದೆ. ಹೆಂಗಸರು ಸೊಂಟಕ್ಕೆ ಚೀಲ ಕಟ್ಟಿಕೊಂಡು ಹೂ ಕೊಯ್ಯುತ್ತಿದ್ದರು. ಮಕ್ಕಳು ಸಾಲುಗಳ ನಡುವೆ ಹೊಲದ ಈ ತುದಿಯಿಂದ ಆ ತುದಿಗೆ ಓಡುತ್ತಿದ್ದವು, ತಲೆ ಮಾತ್ರ ಹೂವಿನ ಮೇಲೆ ಕಾಣುತ್ತಿತ್ತು. ಯಾರೂ ಅವುಗಳನ್ನು ಕೂಗಿ ಕರೆಯುತ್ತಿರಲಿಲ್ಲ.